ಛೀಥೂ ಮನೆಯ ನೀಲಿ ನೀರು

ಲಾಂಡ್ರಿಯವನಿಗೆ ಬೀದಿಯವರು ಇಟ್ಟ ಹೆಸರು ಛೀಥೂ. ಗಿರಾಕಿಯ ಬಟ್ಟೆಗಂಟಿಗೆ ಅವನು ಬರಿಗೈ ಹಾಕಿದವನೇ ಅಲ್ಲ. ಕೋಲಿನ ತುದಿಯಲ್ಲಿ ಅಂಗಿಯನ್ನೆತ್ತಿ, ಕಾಲರಿನ ಕೊಳೆಯನ್ನು ಬೆಳಕಿಗೆ ಹಿಡಿದು, "ಛೀ, ಥೂ, ಇದನ್ನ ಹಾಕ್ಕೊಂಡು ಆಫೀಸಿಗೆ ಹೋಗಿದ್ರಾ?" ಎಂದು ನಾಲ್ಕು ಜನರ ಮುಂದೆ ಕೇಳುತ್ತಿದ್ದ. ಕಲೆ ತೆಗೆಯುವುದರಲ್ಲಿ ಎತ್ತಿದ ಕೈ, ಹಾಗಾಗಿ ಜನ ಬೈಸಿಕೊಂಡೂ ಬರುತ್ತಿದ್ದರು. ಬಸ್ಸಿನ ಕಂಬಿ ಹಿಡಿಯಲಾರ, ಪರರ ಲೋಟದಲ್ಲಿ ನೀರು ಕುಡಿಯಲಾರ, ಪಕ್ಕದಲ್ಲಿ ಯಾರಾದರೂ ಸೀನಿದರೆ ಮಾರುದೂರ ನೆಗೆಯುತ್ತಿದ್ದ. ಇಂಥವನ ಮನೆಗೇ ಬರಬೇಕೆ ಆ ರೋಗ!

ಮಗಳಿಗೆ ಹತ್ತು ತುಂಬುವ ಹೊತ್ತಿಗೆ ದೊಡ್ಡಕರುಳಿನ ಒಳಗೋಡೆಯಲ್ಲಿ ಹುಣ್ಣಾಯಿತು. ಹೊಟ್ಟೆನೋವು, ಭೇದಿ, ಭೇದಿಯಲ್ಲಿ ರಕ್ತ. ಹೆಂಡತಿಗೆ ಬೇರೆ ಊರಿನಲ್ಲಿ ಕೆಲಸ, ಬರುವುದು ರಜೆಗೆ ಮಾತ್ರ. ಆಸ್ಪತ್ರೆಯ ಓಡಾಟವೆಲ್ಲ ಇವನ ಪಾಲಿಗೇ ಬಂತು.

ಮಕ್ಕಳ ಡಾಕ್ಟರಮ್ಮ ಸಮಾಧಾನದ ಹೆಂಗಸು. ಎಳೆ ಕರುಳಿನೊಳಗೆ ಪ್ರತಿ ಸಲವೂ ಕ್ಯಾಮೆರಾ ತೂರಿಸುವುದು ಬೇಡವೆಂದು ಅವರು ಆರು ಪ್ರಶ್ನೆ ಕೇಳಿ ಅಂಕ ಕೂಡಿಸುತ್ತಿದ್ದರು. ಹೊಟ್ಟೆನೋವು ಎಷ್ಟು, ರಕ್ತ ಎಷ್ಟು, ಮಲ ನೀರೋ ಗಟ್ಟಿಯೋ, ದಿನಕ್ಕೆ ಎಷ್ಟು ಸಲ, ನಿದ್ದೆಯಿಂದೆದ್ದು ಓಡುತ್ತಾಳೋ, ಆಟ ಪಾಠ ಹೇಗೆ. ಅಂಕ ಹೆಚ್ಚಾದಷ್ಟೂ ರೋಗ ಹೆಚ್ಚು. ಈ ಪರೀಕ್ಷೆಯಲ್ಲಿ ಸೊನ್ನೆ ತೆಗೆದವರೇ ಜಾಣರು. ರಕ್ತದ ಪ್ರಶ್ನೆಗೆ ಎಲ್ಲಕ್ಕಿಂತ ಹೆಚ್ಚು ಅಂಕ. ಮಾತ್ರೆ ಏರಿಸುವುದೂ ಇಳಿಸುವುದೂ ಆ ಮೊತ್ತ ನೋಡಿಯೇ.

"ಫ್ಲಶ್ ಮಾಡೋ ಮುಂಚೆ ನೀವೇ ನೋಡ್ಬೇಕು ಸಾರ್. ಮಗು ಮೇಲೆ ಬಿಡ್ಬೇಡಿ," ಎಂದರು ಡಾಕ್ಟರಮ್ಮ.

ಛೀಥೂ ಕುರ್ಚಿಯನ್ನು ಅಲ್ಲೇ ಒಂದು ಗೇಣು ಹಿಂದಕ್ಕೆ ಸರಿಸಿಕೊಂಡ. "ಆಯ್ತು ಮೇಡಂ," ಎಂದು ತಲೆಯಾಡಿಸಿ ಬಂದ. ಮೊದಲ ದಿನವೇ ಮೂಗಿಗೆ ಬಟ್ಟೆ ಹಿಡಿದು ಬಾಗಿಲವರೆಗೆ ಹೋದವನು ಹಾಗೇ ವಾಪಸಾದ. "ನೀನೇ ನೋಡಿ ಹೇಳು ಪುಟ್ಟಿ, ಕೆಂಪಿದ್ಯಾ ಅಂತ. ದೊಡ್ಡೋಳಾದೆ ಈಗ," ಎಂದು ಕೈ ತೊಳೆದುಕೊಂಡ, ಅದೂ ಸೋಪು ಹಾಕಿ ಎರಡೆರಡು ಸಲ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬಿಳಿ ಬಟ್ಟೆಯ ಹಳದಿಯನ್ನು ನೀಲಿ ಹಾಕಿ ಅಡಗಿಸುವುದು ಅವನ ಕಸುಬಲ್ಲವೇ? ಕಮೋಡೂ ಹಾಗೇ ಹೊಳೆಯಲೆಂದು ಫ್ಲಶ್ ತೊಟ್ಟಿಯೊಳಗೆ ನೀಲಿ ಬಿಲ್ಲೆಯೊಂದನ್ನು ಇಳಿಬಿಟ್ಟ. ಒಂದು ಸಾಲದೆಂದು ಇನ್ನೊಂದು ಹಾಕಿದ. ವಾಸನೆಯೂ ಇಲ್ಲ, ಹೊಲಸೂ ಕಾಣದು, ಬಹಳ ಖುಷಿಯಾಯಿತು ಅವನಿಗೆ. ಆ ಕಡುನೀಲಿ ನೀರಿಗೆ ರಕ್ತ ಬಿದ್ದರೆ ಕೆಂಪಾಗಿ ಕಾಣುವುದಾದರೂ ಹೇಗೆ? ಪಾಪದ ಹುಡುಗಿ ಬಗ್ಗಿ ನೋಡಿ, ಕಂಡದ್ದನ್ನೇ ಹೇಳುತ್ತಿದ್ದಳು: "ಕೆಂಪಿಲ್ಲಪ್ಪ."

"ನೀವೇ ನೋಡಿದ್ರಾ?" ಎಂದು ಡಾಕ್ಟರಮ್ಮ ಕೇಳಿದಾಗ ಈ ಮಹಾನುಭಾವ ಕಣ್ಣು ಮಿಟುಕಿಸದೆ, "ಹೂಂ ಮೇಡಂ, ಒಂದು ಹನಿಯೂ ಇಲ್ಲ," ಎಂದ. ಅಂಕ ಇಳಿಯಿತು. ಮಾತ್ರೆಯನ್ನೂ ಇಳಿಸಿದರು.

ಮಗಳು ಮಾತ್ರ ಬಿಳಚಿಕೊಳ್ಳುತ್ತಾ ಹೋದಳು. ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲೇ ಏದುಸಿರು. ಮುಂದಿನ ಸಲ ಡಾಕ್ಟರಮ್ಮ ಅವಳ ಕೆಳರೆಪ್ಪೆ ಎಳೆದು ನೋಡಿದವರೇ ರಕ್ತಪರೀಕ್ಷೆ ಮಾಡಿಸಿದರು. ವರದಿ ಕೈಗೆ ಬಂದಾಗ ಅವರ ಸಮಾಧಾನವೆಲ್ಲ ಹಾರಿಹೋಗಿತ್ತು.

"ಅಂಕ ಒಂದು ಹೇಳುತ್ತೆ, ಈ ಮುಖ ಇನ್ನೊಂದು ಹೇಳುತ್ತೆ. ರಕ್ತ ಹೋಗ್ತಾನೇ ಇದೆ ಸಾರ್. ಹೀಗೇ ಬಿಟ್ರೆ ಕರುಳನ್ನೇ ಕತ್ತರಿಸಿ ತೆಗೀಬೇಕಾಗುತ್ತೆ. ಪುಟ್ಟಿ, ನೀನು ಹೇಳಮ್ಮ, ನಿಂಗೆ ಏನು ಬಣ್ಣ ಕಾಣುತ್ತೆ?"

"ನೀಲಿ. ಒಂದೊಂದ್ಸಲ ನೀಲಿ ಜೊತೆ ಕಪ್ಪು," ಎಂದಳು ಮಗಳು. "ಅಪ್ಪ ಬಿಲ್ಲೆ ಹಾಕಿದ್ದಾರಲ್ಲ, ಅದಕ್ಕೆ."

ಡಾಕ್ಟರಮ್ಮ ಅವನ ಕಡೆ ತಿರುಗಿದರು. ಬೈಯಲಿಲ್ಲ. ಗಿರಾಕಿಯ ಕಾಲರನ್ನು ಅವನು ನೋಡುತ್ತಿದ್ದನಲ್ಲ, ಹಾಗೆ ನೋಡಿದರು. "ಬಿಲ್ಲೆ ತೆಗೆದು, ಇವತ್ತೇ ನೋಡಿ ಫೋನ್ ಮಾಡಿ. ರಕ್ತ ಜಾಸ್ತಿಯಿದ್ರೆ ತಕ್ಷಣ ಅಡ್ಮಿಟ್ ಮಾಡ್ಬೇಕು," ಎಂದಷ್ಟೇ ಹೇಳಿದರು.

ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ಎಲೆಯ ನೊಣ ತೋರಿಸುತ್ತಿದ್ದವನಿಗೆ ಅಂದು ತನ್ನ ಮೈಯೇ ನಾರಿದಂತಾಯಿತು. ಥೂ ನಿನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ, ಎಂದು ದಾರಿಯುದ್ದಕ್ಕೂ ತನ್ನನ್ನು ತಾನೇ ಉಗಿದುಕೊಂಡ. ಮನೆಗೆ ಬಂದವನೇ ತೊಟ್ಟಿಗೆ ಕೈ ಹಾಕಿ ಬಿಲ್ಲೆಗಳನ್ನು ಕಿತ್ತೆಸೆದು, ನೀರು ತಿಳಿಯಾಗುವವರೆಗೆ ಫ್ಲಶ್ ಮಾಡಿದ.

ಸಂಜೆ ಮಗಳು ಹೊಟ್ಟೆ ಹಿಡಿದುಕೊಂಡು ಒಳಗೋಡಿದಳು. ಅವನು ಬಾಗಿಲ ಹೊರಗೆ ನಿಂತ. ಒಳಗಿನ ನರಳಾಟ ನಿಂತ ಮೇಲೆ ಕದ ತಟ್ಟಿದ.

"ಮುಗೀತಾ ಪುಟ್ಟಿ? ಫ್ಲಶ್ ಮಾಡ್ಬೇಡ. ನಾನು ನೋಡ್ತೀನಿ."

"ಬೇಡಪ್ಪ, ಬರ್ಬೇಡ. ತುಂಬಾ ಕೆಂಪಿದೆ." ಅವಳು ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದಿದ್ದಳು. "ನಾನು ಗಲೀಜು. ನಿಂಗೆ ವಾಂತಿ ಬರುತ್ತೆ."

ಮೆಲ್ಲಗೆ ಬಾಗಿಲು ತಳ್ಳಿ ಒಳಹೊಕ್ಕು, ಬಗ್ಗಿ ನೋಡಿದ. ಗಂಟಲವರೆಗೆ ಬಂದದ್ದನ್ನು ನುಂಗಿಕೊಂಡ. ಡಾಕ್ಟರಮ್ಮನಿಗೆ ಫೋನ್ ಮಾಡಿ, "ನಾನೇ ನೋಡಿದೆ ಮೇಡಂ, ಬರೀ ರಕ್ತಾನೇ ಇದೆ. ಹಿಂದೆ ಹೇಳಿದ್ದೆಲ್ಲ ಸುಳ್ಳು," ಎಂದ. ಈಗಲೇ ಹೊರಟು ಬನ್ನಿ ಎಂದರು ಅವರು.

ನಡೆಯಲಾರದ ಮಗಳನ್ನು ಬಾಚಿ ಎತ್ತಿಕೊಂಡು ಮೆಟ್ಟಿಲಿಳಿದ. ಅವಳು ಅವನ ಕೊರಳಿಗೆ ಕೈ ಹಾಕಿದ್ದಳು. ಆದರೆ ಅಪ್ಪನ ಅಂಗಿಗೆ ತಾಗದ ಹಾಗೆ ಮೈಯನ್ನು ದೂರ ಹಿಡಿದೇ ಇದ್ದಳು.