ಕುರಿ ಮೇಯಿಸಲಿಕ್ಕೆ ಆಫ್ರಿಕಾ ಬೂಟು

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ವಯಸ್ಸನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಹತ್ತು ದಿನ ಕಂಡವರೆಲ್ಲ ಮೊದಲು ನನ್ನ ವಯಸ್ಸು ಕೇಳಿದರು, ಆಮೇಲೆ ಕಾಲು ನೋಡಿದರು.

ನನ್ನ ಬಲಗಾಲು ಎಡಗಾಲಿನ ಹಾಗಿಲ್ಲ. ಮದುವೆಯಾದ ಹೊಸದರಲ್ಲಿ ಎತ್ತಿನ ಗಾಡಿಯ ಚಕ್ರ ಅದರ ಮೇಲೆ ಹತ್ತಿ ಇಳಿಯಿತು. ಮೂಳೆ ತನಗೆ ತೋಚಿದ ಹಾಗೆ ಕೂಡಿಕೊಂಡಿತು. ಅಂದಿನಿಂದ ಆ ಪಾದ ಮುಂದಕ್ಕೆ ಮೊರದಷ್ಟು ಅಗಲ. ಬರಿಗಾಲಲ್ಲಿ ತಿರುಗುವವಳಿಗೆ ಅದರಿಂದ ಏನೂ ತೊಂದರೆಯಿರಲಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ತೊಂದರೆ ಶುರುವಾಯಿತು. ಜಾಲಿ ಮುಳ್ಳು ಚುಚ್ಚಿದ್ದು ನನಗೆ ತಿಳಿಯಲೇ ಇಲ್ಲ. ಆ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು: ಇನ್ನು ಬರಿಗಾಲಲ್ಲಿ ಹೊಲಕ್ಕೆ ಹೋಗಬಾರದು, ಹವಾಯಿ ಚಪ್ಪಲಿಯೂ ಸಾಲದು, ಬೆರಳು ಮುಚ್ಚುವ ಬೂಟು ಬೇಕು, ಇನ್ನೊಂದು ಮುಳ್ಳು ಹೊಕ್ಕರೆ ಬೆರಳು ತೆಗೆಯಬೇಕಾಗುತ್ತದೆ.

ಮಗ ಇದನ್ನೇ ಕಾಯುತ್ತಿದ್ದ.

"ಹಂಗಾದ್ರ ಕುರಿ ಯಾಕವ್ವ? ಕೊಟ್ಟು ಕೈ ತೊಳಕಣಾಣ. ವ್ಯಾಪಾರಿಗೆ ಹೇಳೀನಿ, ಆಚೆ ಸೋಮವಾರ ಬೆಳಿಗ್ಗೆ ಗಾಡಿ ತರ್ತಾನ."

"ಅಷ್ಟ್ರೊಳಗ ನನ್ನ ಕಾಲಿಗೆ ಬೂಟು ಸಿಕ್ರ?"

"ಸಿಕ್ರ ಗಾಡಿ ಖಾಲಿ ಕಳಸ್ತೀನಿ, ಹೋಗು." ಅಂದು ನಕ್ಕ. ನನ್ನ ಕಾಲು ಅವನಿಗೂ ಗೊತ್ತು.

ಹದಿನೇಳು ಕುರಿ ಇದ್ದವು. ಅವುಗಳ ಮೇಲೆ ನನಗೆ ಅಂಥ ಮೋಹವೇನಿಲ್ಲ. ಕುರಿಗಿಂತ ದಡ್ಡ ಪ್ರಾಣಿಯನ್ನು ನಾನು ಕಂಡಿಲ್ಲ. ಆದರೆ ಅವು ಹೋದರೆ ಬೆಳಗಿನಿಂದ ಸಂಜೆಯವರೆಗೆ ಸೊಸೆಯ ಟಿವಿ ಮುಂದೆ ಕೂರಬೇಕು. ಅದಕ್ಕಿಂತ ಕುರಿ ವಾಸಿ.

ಬುಧವಾರ ಸೊರಬಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಇರುವ ಬೂಟಿನ ಅಂಗಡಿಗಳನ್ನೆಲ್ಲ ಹತ್ತಿಳಿದೆ. ಕೊನೆಯ ಅಂಗಡಿಯವನು ತಗಡಿನ ಚಮಚ ಹಿಡಿದು ನನ್ನ ಬಲಗಾಲನ್ನು ಬೂಟಿನೊಳಗೆ ತುರುಕಲು ನೋಡಿದ. ಹೋಗಲಿಲ್ಲ. ಗಂಡಸರ ಹತ್ತನೇ ನಂಬರು ತಂದ. ಬಲಗಾಲು ಹೋಯಿತು. ಎಡಗಾಲು ಅದರೊಳಗೆ ಕೊಳಗದಲ್ಲಿ ಸೌಟು ಆಡಿದ ಹಾಗೆ ಆಡಿತು.

"ಬಲಕ್ಕೆ ಹತ್ತು ಕೊಡು, ಎಡಕ್ಕೆ ಏಳು ಕೊಡು" ಅಂದೆ.

"ಜೊತೆ ಮುರದ್ರೆ ಉಳಿದಿದ್ದು ನಾ ಯಾರಿಗೆ ಮಾರ್ಲಿ ಮಾರಾಯ್ತಿ?" ಅಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಆದರೂ ನನಗೆ ಸಿಟ್ಟು ಬಂತು. ಮತ್ತೆ ಅವನೇ ದಾರಿ ಹೇಳಿದ. "ಶಿಕಾರಿಪುರದಲ್ಲಿ ಒಬ್ರು ಸಾಬ್ರು ಇದಾರೆ. ಕಾಲು ನೋಡಿ ಕೈಯಾಗೆ ಹೊಲೀತಾರೆ. ಆದ್ರೆ ಈಗ ಎಂತದೋ ಆಫ್ರಿಕಾದ ಬೂಟು ಮಾಡ್ತಾರಂತೆ. ನೋಡಿ ಹೆದ್ರಬೇಡಿ."

ಮರುದಿನ ಶಿಕಾರಿಪುರ. ಮಾರುಕಟ್ಟೆಯ ಹಿಂದೆ, ಗಾದಿ ಹೊಲಿಯುವವರೂ ತಗಡಿನ ಪೆಟ್ಟಿಗೆ ಬಡಿಯುವವರೂ ಇರುವ ಓಣಿ. ಅಂಗಡಿ ಸಿಕ್ಕಿತು, ಒಳಗೆ ಕಾಲಿಟ್ಟು ಹಿಂದಕ್ಕೆ ಬಂದೆ. ಬಳೆ ಅಂಗಡಿಗೆ ಬಂದೆನೋ ಅನ್ನಿಸಿತ್ತು. ಗೋಡೆ ತುಂಬ ಬೂಟು. ಹಳದಿ ಮೇಲೆ ನೀಲಿ ಕಣ್ಣು, ಕೆಂಪಿನ ಮೇಲೆ ಹಸಿರು ಗರಿ, ಬುಗುರಿಯಂಥ ಸುತ್ತು. ಮೇಲೆ ಬಟ್ಟೆ, ಒಳಗೆ ತೊಗಲು, ಕೆಳಗೆ ಲಾರಿ ಟೈರಿನ ಅಟ್ಟೆ.

ನಮ್ಮ ಸೀಮೆಯಿಂದ ತಲೆಗೂದಲಿನ ಎಣ್ಣೆ ಮಾರಲು ಆಫ್ರಿಕಾಕ್ಕೆ ಹೋಗಿಬರುವ ಜನರಿದ್ದಾರೆ. ಅವರಲ್ಲೊಬ್ಬ ಹೆಂಗಸು ಅಲ್ಲಿಂದ ಈ ಬಣ್ಣದ ಬಟ್ಟೆ ತಂದು ಒಂದು ಜೊತೆ ಹೊಲಿಸಿಕೊಂಡಳಂತೆ. ಯಾರೋ ಅದರ ಫೋಟೋ ತೆಗೆದು ಫೋನಿನಲ್ಲಿ ಹಾಕಿದರಂತೆ. ಅಲ್ಲಿಂದ ಸಾಬರಿಗೆ ಬೇರೆ ಕೆಲಸವೇ ಇಲ್ಲ. ದಾವಣಗೆರೆ, ಬೆಂಗಳೂರು, ಎಲ್ಲಿಂದಲೋ ಕೇಳುತ್ತಾರೆ. ಇದನ್ನೆಲ್ಲ ಸಾಬರ ಹೆಂಡತಿ ಬಟ್ಟೆಗೆ ಅಂಟು ಸವರುತ್ತ ಹೇಳಿದರು.

ನಾನು ಸೆರಗಿನ ಗಂಟಿನಿಂದ ಪೊರಕೆ ಕಡ್ಡಿ ತೆಗೆದು ಕೊಟ್ಟೆ. ನಮ್ಮ ಮನೆಯಲ್ಲಿ ಯಾರಿಗೆ ಚಪ್ಪಲಿ ತರಬೇಕಾದರೂ ಪಾದದ ಉದ್ದಕ್ಕೆ ಕಡ್ಡಿ ಮುರಿದುಕೊಂಡು ಹೋಗುತ್ತೇವೆ. ಹಿಂದಿನಿಂದಲೂ ಹಾಗೇ. ಸಾಬರು ಅದನ್ನು ನೋಡಿ ಕಿವಿ ಕೆರೆದುಕೊಂಡರು.

"ಕಾಲು ಜೊತಿಗೇ ತಂದೀರಲ್ಲ ಅಮ್ಮ, ಕಡ್ಡಿ ಯಾಕ?"

ಅದು ನನಗೆ ಹೊಳೆದೇ ಇರಲಿಲ್ಲ.

"ಉದ್ದ ಹೇಳ್ತತಿ ಇದು. ಅಗಲ ಯಾರು ಹೇಳ್ತಾರ? ನಿಂದ್ರಿ ಕಾಗದದ ಮ್ಯಾಲೆ."

ನಿಂತೆ. ಪೆನ್ಸಿಲಿನಿಂದ ಸುತ್ತ ಗೆರೆ ಎಳೆದರು. ಅಡಿಯಲ್ಲಿ ಹೆಬ್ಬೆರಳು ಒತ್ತುತ್ತ ಹೋಗಿ ಮಾಯ್ದ ಗಾಯದ ಮೇಲೆ ನಿಲ್ಲಿಸಿದರು. "ಇಲ್ಲಿ ಮೆತ್ತಗ ಹಾಕ್ತೀನಿ" ಅಂದರು. ಡಾಕ್ಟರು ಕೂಡ ಅಷ್ಟು ಹೊತ್ತು ನನ್ನ ಕಾಲು ಮುಟ್ಟಿರಲಿಲ್ಲ.

"ಮ್ಯಾಲೆ ಕರೀ ಬಟ್ಟೆ ಹಾಕ್ರಿ ಸಾಬ್ರೆ."

"ಕರೀದು ಇಲ್ಲ. ಇರೋದು ಇವೇ. ಆರಿಸ್ಕಳ್ರಿ."

ಇರುವುದರಲ್ಲಿ ಸಪ್ಪಗೆ ಕಂಡದ್ದು ಒಂದು ನೀಲಿ, ಅದರ ಮೇಲೂ ಅಂಗೈಯಷ್ಟು ಹಳದಿ ಹೂವು. ಅದನ್ನೇ ತೋರಿಸಿದೆ. ಬೆಲೆ ಹೇಳಿದರು. ನಾನು ಎರಡು ಸಲ ಕೇಳಿದೆ, ಕಿವಿ ಕೇಳಿಸದೆ ಕೇಳಿದ್ದಲ್ಲ. ಶನಿವಾರ ಬನ್ನಿ ಅಂದರು.

ಶನಿವಾರ ಎಡಗಾಲಿನದು ತಯಾರಿತ್ತು. ಬಲಗಾಲಿನದು ಬಿಚ್ಚಿಕೊಂಡು ಬಿದ್ದಿತ್ತು.

"ಏನಾತ್ರಿ?"

"ಹೂವು ಕೂರಲಿಲ್ಲ ಅಮ್ಮ." ಎಡ ಬೂಟನ್ನು ಎತ್ತಿ ತೋರಿಸಿದರು. ಹೂವು ಬೆರಳುಗಳ ಮೇಲೆ ನಟ್ಟ ನಡುವೆ ಕೂತಿತ್ತು. "ಬಲದ್ದು ಅಗಲ ಐತಿ. ಬಟ್ಟೆ ಎಳದ್ರ ಹೂವು ಸೊಟ್ಟ ಆಗ್ತತಿ. ಎರಡೂ ಒಂದೇ ಸಮ ಕಾಣಬೇಕು."

ನಾನು ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು, ಎರಡು ಬಸ್ಸು ಹತ್ತಿ, ಕುರಿಗಳನ್ನು ಸೊಸೆಯ ಕೈಗೆ ಒಪ್ಪಿಸಿ, ಅವಳ ಮುಖ ನೋಡಿ ಬಂದಿದ್ದೆ.

"ಸಾಬ್ರೆ, ನನ್ನ ಕಾಲೇ ಸೊಟ್ಟ ಐತಿ. ಹೂವು ಸೊಟ್ಟ ಆದ್ರ ಯಾರು ಅಳ್ತಾರ? ಕುರಿ ಹೂವು ನೋಡಲ್ಲ."

"ಕುರಿ ನೋಡಲ್ಲ. ನಾನು ನೋಡ್ತೀನಲ್ಲ" ಅಂದರು.

"ಆ ಅಮ್ಮ ಕುರಿ ಹಿಂದ ಹೋಗಾಕ ಹಾಕ್ಕಂತಾರ, ಮದುವಿಗಲ್ಲ" ಎಂದು ಹೆಂಡತಿ ಗದರಿದರು. ಸಾಬರು ಅದನ್ನು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. ಬೂಟು ಹೊಲಿಯಲು ಅವರಲ್ಲಿ ಮರದ ಪಾದಗಳಿವೆ, ನನ್ನ ಬಲಗಾಲಿಗೆ ಸರಿಹೊಂದುವ ಮರ ಒಂದೂ ಇರಲಿಲ್ಲ. ಒಂದು ಮರದ ಪಾದದ ಪಕ್ಕಕ್ಕೆ ತೊಗಲಿನ ಚೂರು ಮೊಳೆ ಹೊಡೆದು, ಅದರ ಮೇಲೆ ಇನ್ನೊಂದು ಹೊಡೆದು ನನ್ನ ಕಾಲಿನಂತೆ ಮಾಡುತ್ತಿದ್ದರು. ಕೆಲಸ ನೋಡಿದರೆ ಬೈಯಲು ಬಾಯಿ ಬರುತ್ತಿರಲಿಲ್ಲ. ಅದೇ ನನ್ನನ್ನು ಇನ್ನೂ ರೇಗಿಸಿತು.

"ನಾಳೆ ಬರ್ರಿ."

"ನಾಡಿದ್ದು ಬೆಳಿಗ್ಗೆ ನನ್ನ ಕುರಿ ಗಾಡಿ ಹತ್ತತಾವ" ಅಂದೆ. ಆಗ ತಲೆ ಎತ್ತಿ ನೋಡಿದರು. ಯಾಕೆ ಏನು ಎಂದು ಎಲ್ಲ ಕೇಳಿದರು. ನಾನು ಹೇಳಿದೆ. ಕೇಳಿ ಮುಗಿಸಿ ಮತ್ತೆ, "ನಾಳೆ ಬರ್ರಿ" ಅಂದರು.

ಭಾನುವಾರ ಮೊದಲ ಬಸ್ಸಿಗೇ ಹೋಗಿ ಅಂಗಡಿಯ ಹೊಸ್ತಿಲ ಮೇಲೆ ಕೂತೆ. ಸಾಬರು ಬಂದು ನನ್ನನ್ನು ದಾಟಿಕೊಂಡು ಒಳಗೆ ಹೋಗಬೇಕಾಯಿತು.

"ಆಗೇತೇನ್ರಿ?"

"ಆಗ್ತತಿ."

"ಇವತ್ತು ತಗಂಡೇ ಏಳದು ನಾನು. ಗಿರಾಕಿ ಬಂದ್ರ ನನ್ನ ಮ್ಯಾಲೇ ದಾಟಿ ಬರ್ಲಿ."

ಗಿರಾಕಿ ಬಂದರು. ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸಿರಬೇಕು, ಒಂದೊಂದೇ ಬೂಟು ಹಾಕಿ ತೆಗೆದು ಹಾಕಿ ತೆಗೆದು ಒಂದು ತಾಸು ಕಳೆದರು. ನನ್ನ ಬುತ್ತಿ ಮುಗಿಯಿತು. ಸಾಬರ ಹೆಂಡತಿ ಸಕ್ಕರೆ ಹಾಕದ ಚಹಾ ಕೊಟ್ಟರು. ಸಾಬರು ಬಟ್ಟೆ ಎಳೆಯುವುದು, ದೂರ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವುದು, ಮತ್ತೆ ಬಿಚ್ಚುವುದು. ಮಧ್ಯಾಹ್ನದ ನಮಾಜಿಗೆ ಹೋಗಿ ಬಂದರು. ನಾನು ಕೂತೇ ಇದ್ದೆ.

ಕೊನೆಗೆ ಬಟ್ಟೆಯನ್ನು ಎಳೆಯುವುದನ್ನೇ ಬಿಟ್ಟರು. ಪಕ್ಕಕ್ಕೆ ಬೇರೆ ನೀಲಿ ಬಟ್ಟೆಯ ಪಟ್ಟಿ ಕೊಟ್ಟು ಅಗಲ ಮಾಡಿದರು. ಹೂವು ಅಲುಗಲಿಲ್ಲ. ಜೋಡಣೆ ಎಲ್ಲಿದೆಯೆಂದು ಬೆರಳು ಆಡಿಸಿ ಹುಡುಕಬೇಕು. ಎರಡು ದಿನದ ಹಿಂದೆಯೇ ಇದನ್ನು ಮಾಡಬಾರದಿತ್ತೇ ಎಂದು ಕೇಳಿದೆ.

"ಎರಡು ದಿನದ ಹಿಂದ ಇದು ಹೊಳೀಲಿಲ್ಲ" ಅಂದರು.

ಹಾಕಿಕೊಂಡು ಓಣಿಯ ಕೊನೆಯವರೆಗೆ ನಡೆದು ವಾಪಸು ಬಂದೆ. ಎಲ್ಲೂ ಕಚ್ಚಲಿಲ್ಲ. ದುಡ್ಡು ಎಣಿಸಿ ಕೊಟ್ಟೆ.

"ಹಿಕ್ಕೆ ತುಳೀಬ್ಯಾಡ್ರಿ ಅಮ್ಮ" ಅಂದರು.

"ಕುರಿ ಹಿಂದ ಹೋಗಿ ಹಿಕ್ಕೆ ತುಳೀದೆ ಎಲ್ಲಿ ಹಾರಿ ಹೋಗ್ಲಿ ಸಾಬ್ರೆ?"

ಬಸ್ಸಿನಲ್ಲಿ ಜನ ಮೊದಲು ಬೂಟು ನೋಡಿ, ಆಮೇಲೆ ನನ್ನ ಮುಖ ನೋಡಿದರು. ಮನೆಯಲ್ಲಿ ಮಗ ಬಾಗಿಲಲ್ಲೇ ನಿಂತು, "ಯಾವ ಕಂಪನಿ ನಾಟಕವ್ವ?" ಅಂದ. ನಾನು ಅಂಗಳದಲ್ಲಿ ಎರಡು ಸುತ್ತು ಹಾಕಿ ತೋರಿಸಿದೆ. ಅವನು ನಗುವುದನ್ನು ನಿಲ್ಲಿಸಿ ಬಗ್ಗಿ ನೋಡಿದ, ಬಲಗಾಲಿನ ಪಕ್ಕ ಒತ್ತಿದ, ಹಿಂಬದಿಯಲ್ಲಿ ಬೆರಳು ತೂರಿಸಲು ನೋಡಿದ. ತೂರಲಿಲ್ಲ.

"ವ್ಯಾಪಾರಿ ಮುಂಗಡ ಕೊಟ್ಟು ಗಾಡಿ ಹೇಳ್ಯಾನ" ಅಂದ ಮೆಲ್ಲಗೆ.

"ಖಾಲಿ ಕಳಸ್ತೀನಿ ಅಂದಿದ್ದಿ."

ಅವನು ಒಳಗೆ ಹೋದ. ಕಳಿಸುತ್ತೇನೆ ಅನ್ನಲಿಲ್ಲ, ಕಳಿಸುವುದಿಲ್ಲ ಅಂತಲೂ ಅನ್ನಲಿಲ್ಲ. ಹೆತ್ತವಳಿಗೆ ಇದರ ಅರ್ಥ ಗೊತ್ತು, ಗಾಡಿ ಬಂದೇ ಬರುತ್ತದೆ.

ಮರುದಿನ ಬೆಳಕು ಹರಿಯುವ ಮುಂಚೆ ಎದ್ದೆ. ಮಗನ ಹಳೇ ಕಾಲುಚೀಲ ಹಾಕಿಕೊಂಡು, ಬೂಟು ಏರಿಸಿ, ದೊಡ್ಡಿಯ ಬಾಗಿಲು ತೆಗೆದು ಹದಿನೇಳನ್ನೂ ಹೊರಗೆ ಬಿಟ್ಟೆ. ಫೋನನ್ನು ಒಲೆಯ ಪಕ್ಕದಲ್ಲೇ ಬಿಟ್ಟು ಹೋದೆ. ಗಾಡಿಯ ಸದ್ದು ಊರ ಕಡೆಯಿಂದ ಕೇಳುವಾಗ ನಾವು ಕಾಲುವೆ ದಾಟಿ ಕೊಯ್ದ ಗದ್ದೆಯಲ್ಲಿದ್ದೆವು. ಬದುವಿನ ಮೇಲೆ ಕೂತು ಬಲಗಾಲಿನ ಬೂಟು ಬಿಚ್ಚಿ, ಕಾಲುಚೀಲ ತೆಗೆದು, ಪಾದವನ್ನು ಬಿಸಿಲಿಗೆ ತಿರುಗಿಸಿ ನೋಡಿದೆ. ಎಲ್ಲೂ ಕೆಂಪಾಗಿರಲಿಲ್ಲ. ಮತ್ತೆ ಹಾಕಿಕೊಂಡು, ಪಕ್ಕದ ಹೊಲಕ್ಕೆ ನುಗ್ಗುತ್ತಿದ್ದ ಟಗರನ್ನು ಬೈಯುತ್ತ ಎದ್ದೆ.