ಪ್ರೆಶರ್ ಏರೇತಿ

ಮೊನ್ನೆ ಅಣ್ಣಿಗೇರಿಯ ದವಾಖಾನೆಯಲ್ಲಿ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ರಬ್ಬರ್ ಉಂಡೆ ಹಿಚುಕಿ, ಮುಳ್ಳಿನ ದುಂಡು ಮೀಟರನ್ನು ನೋಡಿ, "ಪ್ರೆಶರ್ ಸ್ವಲ್ಪ ಏರೇತ್ರಿ" ಅಂದರು. ನನಗೆ ನಗು ಬಂತು. ಇಂಥ ಸುದ್ದಿ ಕೇಳಿ ನಗುವ ರೋಗಿಯನ್ನು ಅವರು ಕಂಡಿರಲಿಲ್ಲವೇನೋ, ಪಟ್ಟಿ ಬಿಚ್ಚಿ ಇನ್ನೊಮ್ಮೆ ಸುತ್ತಿದರು. ಅಂಥದೇ ಮುಳ್ಳು, ಅಂಥದೇ ಮಾತು ಒಮ್ಮೆ ನಮ್ಮ ಚಿಗವ್ವನ ಕಾರಿನ ವಿಷಯದಲ್ಲಿ ಮಾಡಿದ ಅವಾಂತರ ಅವರಿಗೆ ಗೊತ್ತಿಲ್ಲ. ನಿಮಗೆ ಹೇಳುತ್ತೇನೆ.

ಚಿಗವ್ವ ಎಂದರೆ ಕಾಕಾನ ಹೆಂಡತಿ, ಕುಬಿಹಾಳದ ನೀಲವ್ವ. ತಲೆ ನೆರೆತ ಮೇಲೆ ಕಾರು ಕಲಿತವಳು. ಕಾಕಾಗೆ ಸ್ಟೇರಿಂಗ್ ಎಂದರೆ ಭಯ. ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುವುದೇ ಅವನ ಕೆಲಸ. ಅವಳ ತವರು ಅಳ್ನಾವರದ ಆಚೆ, ಕಾಡಿನ ಅಂಚಿಗೆ. ಊರು ಮುಟ್ಟುವ ಮುಂಚೆ ಒಂದು ಉದ್ದನೆಯ ಏರು. ಹಳೆಯ ಕಾರಿನ ಪೆಟ್ರೋಲ್ ಪಂಪಿಗೆ ಸರಿಯಾಗಿ ಅಲ್ಲಿಗೆ ಬಂದಾಗಲೇ ದಮ್ಮು ಮುಗಿಯುತ್ತಿತ್ತು. ಆಮೇಲೆ ಅವಳ ತಮ್ಮ ಈರಪ್ಪ ಮಾಂವ ಟ್ರ್ಯಾಕ್ಟರ್ ತಂದು, ಹಗ್ಗ ಕಟ್ಟಿ, ಹಾರ್ನ್ ಹೊಡೆಯುತ್ತ ಊರೊಳಗೆ ಎಳೆದುಕೊಂಡು ಹೋಗುತ್ತಿದ್ದ. ಓಣಿಗೆ ಓಣಿಯೇ ಕಟ್ಟೆಗೆ ಬಂದು ನಿಲ್ಲುತ್ತಿತ್ತು.

"ಅಕ್ಕಾ, ಮುಂದಿನ ಸಲ ಫೋನ್ ಮಾಡಬೇ. ಹಗ್ಗ ಹಿಡ್ಕೊಂಡ ಏರಿನ ಬುಡಕ್ಕ ನಿಂತಿರ್ತೇನಿ" ಎಂದು ಅವನು ಒಮ್ಮೆ ಎಲ್ಲರ ಮುಂದೆ ಅಂದ. ಚಿಗವ್ವ ಅಂದು ಹೋಳಿಗೆ ಮುಟ್ಟಲಿಲ್ಲ. "ನನ್ನ ಗಾಡಿ ತಾನ ಏರಿದ್ರ ತವರಿಗೆ ಬರ್ತೇನಿ, ಇಲ್ಲಂದ್ರ ಪಂಚಮಿಗೂ ಇಲ್ಲ" ಎಂದು ಎದ್ದು ಬಂದಳು. ನಮ್ಮ ಕಡೆಯ ಹೆಣ್ಣುಮಗಳು ಪಂಚಮಿಗೆ ತವರಿಗೆ ಹೋಗುವುದಿಲ್ಲ ಎಂದರೆ ಅದು ಸಣ್ಣ ಮಾತಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಅವಳಿಗೆ ರೂಢಿಯೂ ಇರಲಿಲ್ಲ.

ಆಗ ನಾನು ನಡುವೆ ಬಾಯಿ ಹಾಕಿದೆ. ನನ್ನ ಕಾರಿನ ಜ್ಞಾನವೆಲ್ಲ ಮೊಬೈಲಿನ ವಿಡಿಯೋಗಳದ್ದು. ಆದರೆ ಗತ್ತಿಗೇನೂ ಕಡಿಮೆ ಇರಲಿಲ್ಲ. "ದೊಡ್ಡ ಪಂಪ್ ಹಾಕಿಸೂಣು ಚಿಗವ್ವಾ, ವಿಮಾನ ಆಗತೈತಿ" ಅಂದೆ. ಹುಬ್ಬಳ್ಳಿಯಿಂದ ಪಂಪು ತಂದೆವು, ಕುಂದಗೋಳದ ಮೆಕ್ಯಾನಿಕ್ ಮನೆಗೇ ಬಂದು ಕೂಡಿಸಿದ. ಪೆಟ್ರೋಲಿನ ಪ್ರೆಶರ್ ಅಳೆಯುವ ಮೀಟರ್ ಹಚ್ಚಿ ಕಾರು ಚಾಲೂ ಮಾಡಿದರೆ ಮುಳ್ಳು ಏರಿತು, ಏರಬೇಕಾದ್ದಕ್ಕಿಂತ ಮೇಲೆ ಹೋಗಿ ನಿಂತಿತು. ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿ ಕಾರು ನಿಂತಲ್ಲೇ ಗಡಗಡ ನಡುಗಿತು. ಕರೀ ಹೊಗೆ ಎದ್ದು, ಒಣಗಲು ಹಾಕಿದ್ದ ಕಾಕಾನ ಧೋತರ ಚುಕ್ಕಿ ಚುಕ್ಕಿಯಾಯಿತು. ಪಂಚಮಿ ಹತ್ತಿರ ಬಂದಿತ್ತು.

ಚಿಗವ್ವನ ಪರವಾಗಿ ಈರಪ್ಪ ಮಾಂವನಿಗೆ ಫೋನ್ ಮಾಡಿದವನೂ ನಾನೇ. "ಬರೂದು ಆಗೂದಿಲ್ರಿ ಮಾಂವಾ. ಪ್ರೆಶರ್ ಅಗದಿ ಏರೇತಿ, ನಿಂತಲ್ಲೇ ನಡುಗಾಕ ಹತ್ತೇತಿ. ಬಿಚ್ಚಿ ನೋಡಬೇಕಂತ ಅನ್ನಾಕ ಹತ್ಯಾರ್ರಿ" ಅಂದೆ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ನಮ್ಮಲ್ಲಿ ಮನೆಯ ಹೆಣ್ಣುಮಕ್ಕಳನ್ನು ಸಲಿಗೆಯಿಂದ 'ಅದು' ಎನ್ನುವುದುಂಟು, 'ಅಕ್ಕ ಬಂತು' ಎನ್ನುತ್ತೇವೆ. ನಡುಗುತ್ತಿರುವುದು ಕಾರೋ ಅಕ್ಕನೋ ಎಂದು ಮಾಂವನಿಗೆ ತಿಳಿಯುವುದಾದರೂ ಹೇಗೆ? ನನಗೆ ಅದು ಹೊಳೆಯಲೇ ಇಲ್ಲ.

ಅಂದು ಸಂಜೆ ಚಿಗವ್ವ ಮೆಣಸಿನಕಾಯಿ ಹೊಲಕ್ಕೆ ಹನಿ ನೀರು ಬಿಡಲು ಹೊರಟಳು. ನಾನೂ ಹಿಂದೆ ಹೋದೆ. ಕೃಷಿ ಹೊಂಡಕ್ಕೆ ದೊಡ್ಡ ಮೋಟಾರ್ ಹಾಕಿಸಿದ ಹೊಸದರಲ್ಲಿ ಪೈಪಿನ ಜೋಡಣೆಗಳೆಲ್ಲ ಕಿತ್ತು ಹಾರಿದ್ದವು. ಹೆಚ್ಚಾದ ನೀರು ಹೊಂಡಕ್ಕೇ ವಾಪಸ್ ಬೀಳಲೆಂದು ಅವಳು ಇನ್ನೊಂದು ದಪ್ಪ ಪೈಪು ಹಾಕಿಸಿದ್ದಳು. ಅದರ ವಾಲ್ ತಿರುಗಿಸುತ್ತ ಬಗ್ಗಿದವಳು ಹಾಗೇ ನಿಂತಳು.

"ಲೇ, ಕಾರಿನ್ಯಾಗ ಹೆಚ್ಚಾದ ಪೆಟ್ರೋಲ್ ಎಲ್ಲಿಗೆ ಹೋಗತೈತಿ?"

"ವಾಪಸ್ ಟಾಕಿಗೆ."

"ಯಾವ ಪೈಪಿನ್ಯಾಗ?"

"ಹಳೇದ್ರಾಗ. ಸಣ್ಣದು."

"ಹೋಗಾಕ ಹೆದ್ದಾರಿ, ಬರಾಕ ಕಾಲ್ದಾರಿ ಮಾಡೀರಿ! ಪ್ರೆಶರ್ ಏರದ ಏನ್ ಮಾಡೀತು?"

ಮರುದಿನ ಮುಂಜಾನೆ ಮೆಕ್ಯಾನಿಕ್ ವಾಪಸ್ ಪೈಪು ಬದಲಿಸಿ ದಪ್ಪನೆಯದನ್ನು ಕೂಡಿಸಿದ. ಮುಳ್ಳು ಮೆಲ್ಲಗೆ ಇಳಿದು ಎಲ್ಲಿ ಇರಬೇಕೋ ಅಲ್ಲಿ ಕೂತಿತು. ಆಕ್ಸಿಲರೇಟರ್ ತುಳಿದರೂ ಜಗ್ಗಲಿಲ್ಲ. ಚಿಗವ್ವ ಯಾರಾದರೂ ಹೊಗಳುತ್ತಾರೋ ಎಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ತಾನೇ ತನ್ನನ್ನು ಹೊಗಳಿಕೊಂಡು ಚಹಾ ಮಾಡಲು ಒಳಗೆ ಹೋದಳು.

ಅಷ್ಟರಲ್ಲಿ ಬಸ್ಸಿಳಿದು, ಮೋಸಂಬಿ ಚೀಲ ಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡು ಈರಪ್ಪ ಮಾಂವ ಬಂದ. "ಬಿಚ್ಚಿದ್ರೇನ್ರೋ?" ಅಂದ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಹೆಮ್ಮೆಯಿಂದ, "ಬಿಚ್ಚಿ, ಹೊಸಾ ಪೈಪ್ ಕೂಡ್ಸೇವ್ರಿ. ಈಗ ಅಗದಿ ಆರಾಮ ಐತಿ" ಅಂದ. ಮಾಂವ ಕಟ್ಟೆಯ ಮೇಲೆ ಕುಸಿದ. ಒಳಗಿನಿಂದ ಚಹಾದ ಕಪ್ಪು ಹಿಡಿದು ಬಂದ ಅಕ್ಕನನ್ನು ನೋಡಿ ಅತ್ತೇಬಿಟ್ಟ. ವಿಷಯ ತಿಳಿದ ಮೇಲೆ ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಅದರಲ್ಲಿ ನಗು ಎಷ್ಟೋ ಅಳು ಎಷ್ಟೋ ನನಗೆ ಗೊತ್ತಾಗಲಿಲ್ಲ.

"ಬಂದದ್ದು ಚಲೋ ಆತು. ಹಿಂದ ಕೂಡ್ರು" ಎಂದು ಕೀಲಿ ತೆಗೆದುಕೊಂಡಳು.

ಅಳ್ನಾವರ ದಾಟಿ ಏರಿನ ಬುಡ ಬಂತು. ಕಾಕಾನ ಕಣ್ಣು ಎಂದಿನಂತೆ ಮುಚ್ಚಿತ್ತು. ನನ್ನ ಪಕ್ಕ ಮಾಂವ ಸೀಟು ಗಟ್ಟಿಯಾಗಿ ಹಿಡಿದು, "ಏರಽ ತಾಯಿ, ಏರಽ" ಎಂದು ಕಾರಿಗೇ ಹೇಳತೊಡಗಿದ. ಚಿಗವ್ವ ಗೇರು ಇಳಿಸಿ ಪೆಡಲ್ ತುಳಿದಳು. ಹಿಂದೆಲ್ಲ ನಿಲ್ಲುತ್ತಿದ್ದ ಜಾಗ ಬಂತು, ಹೋಯಿತು. ಕಾರು ಏರಿತು! ಪರೀಕ್ಷೆ ಪಾಸಾದಾಗಲೂ ನಾನು ಹಾಗೆ ಕೂಗಿರಲಿಲ್ಲ. ಏರಿನ ತುದಿಯಿಂದ ತವರಿನ ಬಾಗಿಲವರೆಗೂ ಅವಳು ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ಪಂಚಮಿಯ ದಿನ ಮಾಂವ ಟ್ರ್ಯಾಕ್ಟರಿನ ಅದೇ ಹಗ್ಗ ಬಿಚ್ಚಿ ತಂದು ಬೇವಿನ ಮರಕ್ಕೆ ಅಕ್ಕನಿಗೆ ಜೋಕಾಲಿ ಕಟ್ಟಿದ.

ಮೊನ್ನೆ ದವಾಖಾನೆಯಿಂದ ನಾನು ಚಿಗವ್ವನಿಗೇ ಫೋನ್ ಮಾಡಿದೆ.

"ಚಿಗವ್ವಾ, ಪ್ರೆಶರ್ ಏರೇತಿ."

"ಗಾಡೀದೋ, ನಿಂದೋ?"

"ನಂದ."

"ಅಲ್ಲೇ ಕೂಡ್ರು. ಬಂದೆ."

ಆ ಹಾರ್ನನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಹೊರಗೆ ಬಂದು ನೋಡಿದರೆ ಮುಂದಿನ ಸೀಟಿನಲ್ಲಿ ಕಾಕಾ ಕಣ್ಣು ಮುಚ್ಚಿ ಕೂತಿದ್ದ. "ಹಿಂದ ಕೂಡ್ರು" ಅಂದಳು ಚಿಗವ್ವ. ಕನ್ನಡಿಯಲ್ಲಿ ನನ್ನ ಮುಖ ನೋಡಿ ಗೇರು ಹಾಕಿದಳು. "ಎಲ್ಲಾ ಒಳಗ ಇಟ್ಕೊಂಡ್ರ ಏರದ ಏನ್ ಮಾಡೀತು? ಕುಬಿಹಾಳ ಮುಟ್ಟೂತನಕ ಹೇಳ್ಕೋತ ಬಾ."

ಎಷ್ಟೋ ದಿನಗಳಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನೆಲ್ಲ ನಾನು ಹೇಳತೊಡಗಿದೆ. ಕುಬಿಹಾಳ ಬಂದರೂ ಮುಗಿದಿರಲಿಲ್ಲ. ಚಿಗವ್ವ ಮನೆಯ ಮುಂದೆ ನಿಲ್ಲಿಸದೆ ಕಾರನ್ನು ಹೊಲದ ದಾರಿಗೆ ತಿರುಗಿಸಿದಳು.