ಕಾರಿನ ಟಾಪಿಗೆ ಗಾಡಿಯ ಚಾಪೆ

ಚಿಕ್ಕಪ್ಪನ ಕಾರಿನಲ್ಲಿ ಕೂತವರು ಯಾರೂ ತಲೆಯೆತ್ತಿ ಮಾತಾಡುತ್ತಿರಲಿಲ್ಲ. ವಿನಯವೇನೂ ಅಲ್ಲ, ತಲೆಯೆತ್ತಿದರೆ ಬಾಯಿಗೆ ಬಟ್ಟೆ ಬರುತ್ತಿತ್ತು. ಟಾಪಿನ ತಗಡು ಕಾಣದಿರಲೆಂದು ಒಳಗಡೆ ಹೊದಿಸಿದ್ದ ಬೂದು ಬಟ್ಟೆ ಹೊಲಿಗೆ ಬಿಟ್ಟುಕೊಂಡು, ಕರೆಯದೆ ಬಿಟ್ಟ ಎಮ್ಮೆಯ ಕೆಚ್ಚಲಿನಂತೆ ಜೋಲುತ್ತಿತ್ತು. ಬಾಗಲೂರಿನಿಂದ ಹೊಸೂರಿಗೆ ಹೋದ ಒಬ್ಬ ಮದುಮಗನ ಪೇಟ ಅದಕ್ಕೆ ಸಿಕ್ಕಿಕೊಂಡು ಕಾರಿನಲ್ಲೇ ಉಳಿಯಿತು, ಅವನು ಬೋಳುತಲೆಯಲ್ಲೇ ಹಸೆಮಣೆ ಏರಿದ, ಹೆಣ್ಣು ನೋಡಿ ಮೂರ್ಛೆ ಹೋದಳು ಎಂದು ನಾನು ಸ್ಕೂಲಿನಲ್ಲಿ ಹೇಳಿದ್ದೆ. ಪೇಟ ಉಳಿದದ್ದು ನಿಜ. ಬೋಳುತಲೆ, ಮೂರ್ಛೆ ಎರಡೂ ನನ್ನ ಕೊಡುಗೆ.

ಚಿಕ್ಕಪ್ಪ ನಗುತ್ತಿರಲಿಲ್ಲ. ತನ್ನ ಪಾಲಿನ ಹೊಲವನ್ನು ನಮ್ಮಪ್ಪನಿಗೇ ಬಿಟ್ಟುಕೊಟ್ಟು ಅವನು ಆ ಹಳೇ ಕಾರನ್ನು ತಂದಿದ್ದ. ಬಾಗಲೂರು, ಹೊಸೂರು, ಶೂಲಗಿರಿ, ಕೃಷ್ಣಗಿರಿ ಎಂದು ಬಾಡಿಗೆ ಓಡಿಸುತ್ತಿದ್ದ. ಯುದ್ಧ ನಿಂತ ಮರುವರ್ಷ ಪರ್ಮಿಟ್ಟು ಹೊಸದು ಮಾಡಿಸುವುದಕ್ಕೆ ಕೃಷ್ಣಗಿರಿಗೆ ಹೋದಾಗ, ಕಾರು ನೋಡುವ ಇನ್‌ಸ್ಪೆಕ್ಟರು ಹಿಂದುಗಡೆ ನಿಂತು ಕೈಯೆತ್ತಿ, ಕನ್ನಡಿಯಲ್ಲಿ ಎಷ್ಟು ಬೆರಳು ಕಾಣುತ್ತದೆಂದು ಕೇಳಿದ್ದರು.

"ಬಟ್ಟೆ ಕಾಣ್ತದೆ ಸಾರ್," ಎಂದಿದ್ದ ಚಿಕ್ಕಪ್ಪ.

ಬಟ್ಟೆಗೆ ಪರ್ಮಿಟ್ಟು ಕೊಡುವುದಿಲ್ಲವೆಂದು ಅವರು ವಾಪಸ್ಸು ಕಳಿಸಿದರು. ಮುಂದಿನ ಬುಧವಾರ ಮತ್ತೆ ಬರಬೇಕು, ಅದೇ ಕೊನೆ. ಆಗಲೂ ಹಿಂದಿನ ಗಾಜು ಕಾಣದಿದ್ದರೆ ಕಾರು ರಸ್ತೆಗೆ ಇಳಿಯುವ ಹಾಗಿಲ್ಲ.

ಈ ಸುದ್ದಿ ನಮಗಿಂತ ಮೊದಲು ಹೊಸೂರಿನ ಹಳೇಕಬ್ಬಿಣದ ವ್ಯಾಪಾರಿಗೆ ತಲುಪಿತ್ತು. ಅವನು ಬಾಗಲೂರಿನ ನಮ್ಮ ಕೊಟ್ಟಿಗೆಯ ತನಕ ಬಂದು, ಸಂತೆಯಲ್ಲಿ ಆಡಿನ ತೊಡೆ ಹಿಸುಕಿ ನೋಡುವವರಂತೆ ಕಾರಿನ ಮಡ್‌ಗಾರ್ಡನ್ನು ಹಿಸುಕಿ ನೋಡಿದ. "ತಗಡು ಗಟ್ಟಿ ಐತೆ. ಬಾಣಲಿಗೆ ಆಯ್ತದೆ," ಎಂದ. ಚಿಕ್ಕಪ್ಪ ಅವತ್ತು ಊಟ ಮಾಡಲಿಲ್ಲ. ನಾನು ಅವನ ಪಾಲಿನದನ್ನೂ ತಿಂದೆ.

ಮಂಗಳವಾರ ಬೆಳಿಗ್ಗೆ ಬಟ್ಟೆಯನ್ನು ಬಿಚ್ಚಿದೆವು. ಟಾಪಿನ ಕೆಳಗೆ ಅಡ್ಡಡ್ಡಕ್ಕೆ ಮರದ ಕಮಾನುಗಳಿದ್ದವು, ಥೇಟ್ ನಮ್ಮ ಸವಾರಿ ಗಾಡಿಗೆ ಇರುವಂಥವು. ಬಟ್ಟೆಯನ್ನು ಆ ಕಮಾನುಗಳಿಗೆ ಹೊಲಿದು, ಅಂಚಿಗೆ ಸಣ್ಣ ಮೊಳೆ ಹೊಡೆದಿದ್ದರು. ಇಲಿಗಳು ಹೊಲಿಗೆ ದಾರವನ್ನೆಲ್ಲಾ ಕಡಿದಿದ್ದವು. ಕಾರು ನಿಲ್ಲುತ್ತಿದ್ದದ್ದು ಕೊಟ್ಟಿಗೆಯಲ್ಲಿ, ಪಕ್ಕದಲ್ಲೇ ಕಡಲೆಕಾಯಿ ಮೂಟೆ. ಇಲಿಗಳಿಗೆ ಇದಕ್ಕಿಂತ ಒಳ್ಳೆಯ ಅಟ್ಟ ಎಲ್ಲಿ ಸಿಗಬೇಕು. ಮೊದಲನೇ ಮೊಳೆ ಕಿತ್ತದ್ದೇ ತಡ, ಕಡಲೆಕಾಯಿ ಸಿಪ್ಪೆ, ರಾಗಿ ಹೊಟ್ಟು, ಹತ್ತಿ, ಅಜ್ಜಿ ಕಳ್ಳರು ಕದ್ದರೆಂದು ವರ್ಷವಿಡೀ ಶಪಿಸಿದ್ದ ಅಡಿಕೆ ಹೋಳು, ಎಲ್ಲಾ ನನ್ನ ನೆತ್ತಿಯ ಮೇಲೆ ಸುರಿಯಿತು. ಒಂದು ಪಲ್ಲ ಇತ್ತು ಎಂದರೆ ನೀವು ನಂಬುವುದಿಲ್ಲ. ಅರ್ಧ ಮೊರ ಎಂದೇ ಇಟ್ಟುಕೊಳ್ಳಿ.

"ಹೊಲೀಬೇಕು ಕಣ್ಲಾ," ಎಂದ ಚಿಕ್ಕಪ್ಪ. "ಹೊಲಿಯೋನು ಹೊಸೂರ್ನಾಗವ್ನೆ. ಅವ್ನು ಮದ್ವೆ ಬಟ್ಟೆ ಹೊಲೀತಾ ಕುಂತವ್ನೆ, ವಾರ ಆಯ್ತದೆ ಅಂತಾನೆ."

ಅಜ್ಜಿ ಬಾಗಿಲಲ್ಲಿ ನಿಂತು ಎಲೆಯಡಿಕೆ ಅಗಿಯುತ್ತಿದ್ದಳು. "ಹೊಲಿಗೆ ಯಾಕ್ಲಾ. ಮೊರಕ್ಕೆ ಮೆತ್ತಾಕಿಲ್ವಾ, ಹಂಗೆ ಮೆತ್ತು. ನಾನ್ ಮೆತ್ತಿದ್ ಮೊರ ನನ್ ಸೊಸೆ ಬೈಗುಳ ತಡ್ಕಂಡೈತೆ, ನಿನ್ ಕಾರ್ ತಡ್ಕಳಾಕಿಲ್ವಾ."

ಮೊರದ ಸಂದು ಮುಚ್ಚುವುದಕ್ಕೆ ಮೆಂತ್ಯ ನೆನೆಹಾಕಿ ರುಬ್ಬಿ, ಹಳೇ ಕಾಗದ ಕಲಸಿ ಮೆತ್ತುವುದು ನಮ್ಮ ಮನೆಯ ಪದ್ಧತಿ. ಅಷ್ಟು ಮೆಂತ್ಯ ಇರಲಿಲ್ಲವಾದ್ದರಿಂದ ಅಜ್ಜಿ ರಾಗಿಹಿಟ್ಟು ಸೇರಿಸಿ ಒಂದು ಮಡಕೆ ತುಂಬ ಅಂಟು ಕಾಯಿಸಿದಳು. ಇರುವೆ ಬರಬಾರದೆಂದು ಎರಡು ಹಿಡಿ ಉಪ್ಪೂ ಹಾಕಿದಳು. ಅಂಟಿನ ಘಮಕ್ಕೆ ನನಗೇ ಬಾಯಲ್ಲಿ ನೀರೂರಿತು.

ಚಿಕ್ಕಪ್ಪ ತಗಡಿಗೆ ಅಂಟು ಬಳಿದ, ನಾನು ಸೀಟಿನ ಮೇಲೆ ನಿಂತು ಬಟ್ಟೆಯನ್ನು ಅಂಗೈಯಿಂದ ಒತ್ತಿದೆ. ಒತ್ತಿ ಒತ್ತಿ ನನ್ನ ಕೈ ಮೇಲೇ ನಿಂತುಬಿಟ್ಟಿತು. ಮನೆಗೆ ಬಂದು ಹೋದವರೆಲ್ಲ ನಾನು ಆಶೀರ್ವಾದ ಮಾಡುತ್ತಿದ್ದೇನೆಂದು ತಿಳಿದರು. ಸಂಜೆಗೆ ಬಟ್ಟೆ ತಗಡಿಗೆ ಕಚ್ಚಿಕೊಂಡಿತ್ತು. ಚಿಕ್ಕಪ್ಪ ಕನ್ನಡಿಯಲ್ಲಿ ನೋಡಿದ. ಹಿಂದಿನ ಗಾಜು ಪೂರ್ತಿ ಕಂಡಿತು, ಅದರಾಚೆ ಹುಣಸೆಮರ, ಮರದಾಚೆ ಆಕಾಶ. ಅವನು ಅಂದು ಎರಡು ಮುದ್ದೆ ಉಂಡ. ಅಂಟು ಒಣಗಲೆಂದು ಕಿಟಕಿಗಳನ್ನು ತೆರೆದಿಟ್ಟು ಮಲಗಿದ.

ಕೊಟ್ಟಿಗೆಯ ಇನ್ನೊಂದು ಅರ್ಧದಲ್ಲಿ ಅಪ್ಪನ ಎತ್ತುಗಳಿದ್ದವು ಎನ್ನುವುದು ನಮಗೆ ಯಾರಿಗೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಅವು ಅಲ್ಲೇ ಇದ್ದವಲ್ಲ, ಅದಕ್ಕೇ ಇರಬೇಕು.

ಬುಧವಾರ ಬೆಳಗ್ಗೆ ಚಿಕ್ಕಪ್ಪ ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದ. ಒಂದು ಎತ್ತು ಹಗ್ಗ ಕಿತ್ತುಕೊಂಡು, ಕಾರಿನ ಕಿಟಕಿಯೊಳಗೆ ಕತ್ತು ತೂರಿಸಿ, ಬಾಡಿಗೆ ಮಾತಾಡುವ ದೊಡ್ಡ ಮನುಷ್ಯರಂತೆ ನಿಂತಿತ್ತು. ರಾಗಿ, ಮೆಂತ್ಯ, ಮೇಲೆ ಉಪ್ಪು. ಮದುವೆ ಮನೆಯಲ್ಲೂ ಅದಕ್ಕೆ ಅಂಥ ಊಟ ಸಿಕ್ಕಿರಲಿಲ್ಲ. ನೆಕ್ಕಿ ನೆಕ್ಕಿ ಅಂಟು ಬಿಡಿಸಿ, ಬಟ್ಟೆಯನ್ನೂ ಹರಿದು ಅಗಿಯುತ್ತಿತ್ತು. ಎಳೆದುಕೊಂಡಾಗ ನಮ್ಮ ಕೈಗೆ ಬಂದದ್ದು ಒದ್ದೆಯಾದ ಒಂದು ಕೌಪೀನದಷ್ಟು ಬಟ್ಟೆ.

"ಉಪ್ಪಾಕಿದ್ದು ಇರುವೆ ಬರಬಾರ್ದು ಅಂತ," ಎಂದಳು ಅಜ್ಜಿ ಮೆಲ್ಲಗೆ. "ನೋಡು, ಒಂದು ಇರುವೆ ಐತಾ."

ನಾನು ನಗಬೇಕೆಂದುಕೊಂಡೆ. ಚಿಕ್ಕಪ್ಪನ ಮುಖ ನೋಡಿ ನಗು ಬಾಯಿಗೆ ಬರಲಿಲ್ಲ. ಕಂಟ್ರೋಲಿನ ಕಾಲ. ಬಟ್ಟೆ ಬೇಕೆಂದರೆ ಕಾರ್ಡು ಹಿಡಿದು ಸಾಲಿನಲ್ಲಿ ನಿಲ್ಲಬೇಕು, ನಿಂತರೂ ಸಿಗುವುದು ಪಂಚೆ. ಮಧ್ಯಾಹ್ನದೊಳಗೆ ಕೃಷ್ಣಗಿರಿ ಸೇರಬೇಕು.

ಅಪ್ಪ ಅಷ್ಟರಲ್ಲಿ ಎತ್ತನ್ನು ಕಟ್ಟಿಹಾಕಿ ಬಂದ. ಹೊಲ ಬಿಟ್ಟು ಕಾರು ಹಿಡಿದ ತಮ್ಮನ ಜೊತೆ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಕಾರಿನೊಳಗೆ ಬಗ್ಗಿ ಬರಿಯ ಕಮಾನುಗಳನ್ನು ನೋಡಿದ. "ಇದು ಗಾಡೀನೇ ಅಲ್ವೇನ್ಲಾ," ಎಂದ. "ನನ್ ಗಾಡಿ ಚಾಪೆ ಬಿಚ್ಕಳ್ಳಿ. ನಂಗೇನ್ ಇವತ್ತು ಮೆರವಣಿಗೆ ಇಲ್ಲ."

ಸವಾರಿ ಗಾಡಿಯ ಕಮಾನಿನೊಳಗೆ ಬಿಸಿಲು ತಡೆಯಲು ಈಚಲು ಚಾಪೆ ಕಟ್ಟುತ್ತಾರೆ. ಅದನ್ನು ಬಿಚ್ಚಿ ತಂದು, ಅಳತೆಗೆ ಕೊಯ್ದು, ದಬ್ಬಳಕ್ಕೆ ಕತ್ತಾಳೆ ನಾರು ಪೋಣಿಸಿ ಮರದ ಕಮಾನುಗಳಿಗೆ ಬಿಗಿದೆವು. ಮುಂದಿನದು ಆಯಿತು, ಹಿಂದಿನದೂ ಆಯಿತು. ಡ್ರೈವರಿನ ತಲೆಯ ಹಿಂದೆ ಬರುವ ನಡುವಿನ ಕಮಾನಿಗೆ ಬರುವ ಹೊತ್ತಿಗೆ ನಾರು ಮುಗಿಯಿತು, ಹೊತ್ತೂ ಮುಗಿಯಿತು.

"ನೀನು ಹಿಂದೆ ಕುಂತ್ಕ," ಎಂದ ಚಿಕ್ಕಪ್ಪ. "ಮುಂದಕ್ಕೆ ಬಗ್ಗಿ ತಲೇಲಿ ಎತ್ತಿ ಹಿಡಿ. ಆ ತಲೆ ಇಷ್ಟು ದಿನಕ್ಕೆ ಉಪಯೋಗಕ್ಕೆ ಬರ್ಲಿ."

ಹಾಗೆ ನಾನು ಬಾಗಲೂರಿನಿಂದ ಕೃಷ್ಣಗಿರಿಯವರೆಗೆ ಕಂಬವಾದೆ. ಒಂದೊಂದು ಹಳ್ಳಕ್ಕೂ ತಗಡು ಚಾಪೆಗೆ, ಚಾಪೆ ನನ್ನ ನೆತ್ತಿಗೆ, ನೆತ್ತಿ ನನ್ನ ಹಲ್ಲಿಗೆ ಸುದ್ದಿ ಮುಟ್ಟಿಸುತ್ತಿದ್ದವು. ಹೊರಟಾಗ ಇದ್ದದ್ದಕ್ಕಿಂತ ಇಳಿದಾಗ ನಾನು ಒಂದು ಗೇಣು ಕುಳ್ಳಗಾಗಿದ್ದೆ. ಮಾತಾಡೋಣವೆಂದರೆ ಚಿಕ್ಕಪ್ಪ ಸ್ಟೇರಿಂಗಿಗೆ ಅಂಟಿಕೊಂಡಂತೆ ಕೂತಿದ್ದ, ಅವನ ಬೆನ್ನಿನ ಅಂಗಿ ಒದ್ದೆಯಾಗಿತ್ತು.

"ಚಿಕ್ಕಪ್ಪ, ಅವ್ರು ನನ್ನ ಇಳಿ ಅಂದ್ರೆ?"

"ಅನ್ನಲ್ಲ."

ಸ್ವಲ್ಪ ದೂರ ಹೋದ ಮೇಲೆ, "ಅಂದ್ರೆ ಏನ್ ಮಾಡಾದು," ಎಂದು ಅವನೇ ಕೇಳಿದ.

ಕೃಷ್ಣಗಿರಿಯ ಕೋಟೆಬೆಟ್ಟದ ಬಂಡೆ ಬಿಸಿಲಿಗೆ ಕಾದು ನಿಂತಿತ್ತು. ಬೇವಿನ ಮರದ ಕೆಳಗೆ ಇನ್‌ಸ್ಪೆಕ್ಟರು ಬ್ರೇಕು ಒತ್ತಿಸಿದರು, ಹಾರನ್ನು ಕೇಳಿದರು, ದೀಪ ಹಾಕಿಸಿದರು. ಆಮೇಲೆ ಒಳಗೆ ಬಗ್ಗಿ ನನ್ನನ್ನು ನೋಡಿ, "ನೀ ಎರಂಗು ತಂಬಿ," ಎಂದು ಕೈಯಿಂದ ಬಾಗಿಲು ತೋರಿಸಿದರು.

ನಾನು ಇಳಿದೆ. ಹಿಂದೆ ಚಾಪೆ ಮೆಲ್ಲಗೆ ಉಸಿರುಬಿಟ್ಟ ಸದ್ದು ಕೇಳಿಸಿತು. ಚಿಕ್ಕಪ್ಪನ ಕತ್ತು ಆಮೆಯ ಕತ್ತಿನಂತೆ ಅಂಗಿಯಿಂದ ಮೇಲಕ್ಕೆ ಬಂತು. ತಲೆಗೆ ಸುತ್ತಿದ್ದ ರುಮಾಲಿನಿಂದ ಚಾಪೆಯನ್ನು ಎತ್ತಿ ಹಿಡಿದು, ಕಣ್ಣು ಮಾತ್ರ ಕನ್ನಡಿಯ ಕಡೆ ಹೊರಳಿಸಿದ.

ಇನ್‌ಸ್ಪೆಕ್ಟರು ಕಾರಿನ ಹಿಂದೆ ನಿಂತು ಎರಡು ಬೆರಳೆತ್ತಿ, ಎಷ್ಟೆಂದು ತಮಿಳಿನಲ್ಲಿ ಕೇಳಿದರು. "ಎತ್ತನೆ?"

"ರೆಂಡು ಸಾರ್."

ನಾಲ್ಕು ಎತ್ತಿದರು.

"ನಾಲು ಸಾರ್." ದನಿ ಅರ್ಧ ಕೆಳಗಿಳಿದಿತ್ತು. ರುಮಾಲು ಜಾರುತ್ತಿತ್ತು.

ಮೂರನೇ ಸಲ ಅವರು ಮುಷ್ಟಿ ಕಟ್ಟಿ ಎತ್ತಿದರು. ಚಾಪೆ ಇಳಿದುಬಿಟ್ಟಿತೇ, ಅವನಿಗೆ ಕಾಣುತ್ತಿಲ್ಲವೇ ಎಂದು ನಾನು ಕಿಟಕಿಯತ್ತ ನೋಡಿದೆ.

"ಬೆರಳಿಲ್ಲ ಸಾರ್," ಎಂದ ಚಿಕ್ಕಪ್ಪ ಕೊನೆಗೆ. "ಗುದ್ದು ಕಾಣ್ತದೆ."

ಇನ್‌ಸ್ಪೆಕ್ಟರು ಮುಂದೆ ಬಂದರು. ಕಿಟಕಿಯಲ್ಲಿ ಕೈಹಾಕಿ ಚಾಪೆ ಮುಟ್ಟಿದರು. "ಇದೇನಪ್ಪಾ, ಚಾಪೆಯಾ?"

"ಗಾಡಿ ಚಾಪೆ ಸಾರ್. ಬಟ್ಟೇನ ಎತ್ತು ತಿಂದ್ಬುಡ್ತು."

"ಯಾಕೆ ಇಷ್ಟು ನೆಟ್ಟಗೆ ಕುಂತಿದ್ದೀಯ?"

"ನಿಮ್ ಮುಂದೆ ಸೊಟ್ಟಗೆ ಕುಂತ್ರೆ ಮರ್ಯಾದಿನಾ ಸಾರ್?"

"ತಲೆ ಬಗ್ಸು."

ಚಿಕ್ಕಪ್ಪ ಒಮ್ಮೆ ನನ್ನ ಕಡೆ ನೋಡಿ, ತಲೆ ಬಗ್ಗಿಸಿದ. ಚಾಪೆ ಅವನ ಹಿಂದೆ ಇಳಿದು ಗಾಜನ್ನು ಮುಚ್ಚಿತು. ಇನ್‌ಸ್ಪೆಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಹೊರಗೆ ಕಾಯುತ್ತಿದ್ದ ಇನ್ನೊಂದು ಕಾರಿನ ಕಡೆ ಕೈತೋರಿಸಿ, "ಅದನ್ನ ನೋಡಿ ಬರ್ತೀನಿ," ಎಂದರು. "ಅಷ್ಟರೊಳಗೆ ನಡುವೆ ಕಟ್ಟಿರಬೇಕು. ಇಲ್ಲಾಂದ್ರೆ ಬಂದ ದಾರೀಲೇ ಹೋಗು."

ಸುತ್ತಮುತ್ತ ಅಂಗಡಿಯಿಲ್ಲ. ಬೇವಿನ ಮರದಲ್ಲಿ ನಾರಿಲ್ಲ. ರುಮಾಲು ಹರಿಯೋಣವೆಂದರೆ ದಬ್ಬಳದ ಕಣ್ಣಿಗೆ ಹೋಗುವುದಿಲ್ಲ. ಚಿಕ್ಕಪ್ಪ ತನ್ನ ಉಡಿದಾರ ಕಿತ್ತ. ಎಷ್ಟೋ ವರ್ಷದ್ದು, ಬಿಗಿಯುವಾಗಲೇ ಪುಡಿಯಾಯಿತು. ಅವನ ಕಣ್ಣು ನನ್ನ ಸೊಂಟದ ಮೇಲೆ ಬಿತ್ತು. ನನ್ನದು ಹೊಸ ದಾರ, ಕಪ್ಪು, ಮೂರು ಎಳೆ ಹುರಿ, ಅಜ್ಜಿ ಹಬ್ಬಕ್ಕೆ ಕಟ್ಟಿದ್ದು. ನನ್ನ ಗುಂಡಿಯಿಲ್ಲದ ಚಡ್ಡಿಯನ್ನು ಹಿಡಿದಿದ್ದದ್ದು ಅದೊಂದೇ.

"ಅಜ್ಜಿ ಸಾಯ್ಸಿಬುಡ್ತಾಳೆ," ಎಂದೆ. ಉಡಿದಾರವನ್ನು ಹೆಣದಿಂದ ಮಾತ್ರ ಬಿಚ್ಚುತ್ತಾರೆ, ಬದುಕಿರುವವರದನ್ನು ಬಿಚ್ಚಿದರೆ ಕೇಡು ಎಂದು ಅವಳು ಹೇಳುತ್ತಿದ್ದಳು. ನಾನು ಸ್ಕೂಲಿನಲ್ಲಿ ಅಂಥದ್ದನ್ನೆಲ್ಲ ನಂಬುವುದಿಲ್ಲವೆಂದು ಭಾಷಣ ಮಾಡಿದವನು. ಆಗ ಮಾತ್ರ ಕೈ ಸೊಂಟ ಬಿಟ್ಟು ಬರಲಿಲ್ಲ.

ಚಿಕ್ಕಪ್ಪ ಕೈಚಾಚಲಿಲ್ಲ. "ಬ್ಯಾಡ ಬುಡ್ಲಾ," ಎಂದ. ಹೇಳಿ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತ. ಹಳೇಕಬ್ಬಿಣದವನು ಇಟ್ಟ ಹಾಗಲ್ಲ, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ.

ನಾನು ಹಲ್ಲಿನಿಂದ ಗಂಟು ಬಿಚ್ಚಲು ಪ್ರಯತ್ನಿಸಿದೆ, ಬಾಯಿ ಅಲ್ಲಿಗೆ ತಲುಪಲಿಲ್ಲ. "ಕೊಯ್ಯಿ," ಎಂದೆ.

ಕೊಯ್ದ. ಕಮಾನಿನ ಸುತ್ತ ದಬ್ಬಳ ಹಾಯಿಸಿ, ಜಗ್ಗಿ, ಗಂಟು ಹಾಕಿದ. ಇನ್‌ಸ್ಪೆಕ್ಟರು ಬಂದು ಚಾಪೆಯನ್ನು ಎರಡು ಕೈಯಿಂದ ಕೆಳಕ್ಕೆ ಜಗ್ಗಿ ನೋಡಿದರು. ಅಲುಗಲಿಲ್ಲ. ಚಿಕ್ಕಪ್ಪನನ್ನು ಮತ್ತೆ ಕೂರಿಸಿ, ಈ ಸಲ ರುಮಾಲು ತೆಗೆಸಿ, ಬೆರಳು ತೋರಿಸಿದರು. ಅವನು ಎಲ್ಲವನ್ನೂ ಸರಿಯಾಗಿ ಹೇಳಿದ. ಅವರು ಸೀಲು ಒತ್ತುವ ತನಕ ನಾನು ಎರಡು ಕೈಯಲ್ಲೂ ಚಡ್ಡಿ ಹಿಡಿದು, ನಮಸ್ಕಾರ ಮಾಡಲಾಗದ ಒಬ್ಬನೇ ಒಬ್ಬನಾಗಿ ನಿಂತಿದ್ದೆ.

ವಾಪಸ್ಸು ಬರುವಾಗ ಚಿಕ್ಕಪ್ಪ ಪರ್ಮಿಟ್ಟಿಟ್ಟ ಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಒಂದು ಹಳ್ಳ ಬಂದರೆ ಸಾಕು, ಇಬ್ಬರೂ ಒಟ್ಟಿಗೆ ಮೇಲೆ ನೋಡುತ್ತಿದ್ದೆವು. ಶೂಲಗಿರಿ ಹತ್ತಿರ ಕುಕ್ಕೆ ಹೊತ್ತ ಒಬ್ಬ ಮುದುಕಿ ಕೈಯೊಡ್ಡಿದಳು. ಕಾರು ನಿಂತಿತು.

"ಬಾಗ್ಲು ತೆಗೀಲಾ," ಎಂದ ಚಿಕ್ಕಪ್ಪ.

"ಕೈ ಖಾಲಿ ಇಲ್ಲ ಚಿಕ್ಕಪ್ಪ."

ಅವನು ನಕ್ಕ. ವಾರದಿಂದ ಮೊದಲನೇ ಸಲ. ತಾನೇ ಇಳಿದುಹೋಗಿ ಬಾಗಿಲು ತೆಗೆದು ಮುದುಕಿಯನ್ನು ಹತ್ತಿಸಿಕೊಂಡ. ಅವಳು ಕುಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ತಲೆಯೆತ್ತಿ ಚಾಪೆಯನ್ನೊಮ್ಮೆ ನೋಡಿದಳು, ಸೀಟಿಗೆ ಒರಗಿ ಕಣ್ಣು ಮುಚ್ಚಿದಳು.

"ಹೊಸೂರು ಬಂದಾಗ ಎಬ್ಬಿಸಪ್ಪ," ಎಂದಳು. "ತಣ್ಣಗೈತೆ."